61ಕ್ಕೇ ‘ವೃದ್ಧೆ’ ಅನ್ನಬೇಕಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ‘ರಸ್ತೆ ದಾಟುತ್ತಿದ್ದ ವೃದ್ಧೆಗೆ ಬೈಕ್ ಡಿಕ್ಕಿ’ ಅಂತ ತಲೆಬರಹ. ಒಟ್ಟು ನಾಲ್ಕು ಸಾಲು. ಮೂರನೇ ಸಾಲಿನಲ್ಲಿ ಅವರ ವಯಸ್ಸು ಇತ್ತು, 61. ನಾಲ್ಕನೇ ಸಾಲಿನಲ್ಲಿ, ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ ಹೀಗಾಯಿತು, ಕಾಲಿಗೆ ಪೆಟ್ಟಾಗಿದೆ ಅಂತಿತ್ತು.

ಆ ನಾಲ್ಕು ಸಾಲನ್ನು ನಾನು ಎರಡು ಸಲ ಓದಿದೆ. ದಿನವಿಡೀ ದುಡಿದು, ಸಂಜೆ ತನ್ನ ಪಾಡಿಗೆ ಮನೆಗೆ ನಡೆದು ಹೊರಟಿದ್ದ ಹೆಂಗಸು. ಆಕೆಯ ಬಗ್ಗೆ ನಮಗೆ ಮೊದಲು ಸಿಕ್ಕಿದ್ದು ‘ವೃದ್ಧೆ’ ಅನ್ನುವ ಮಾತು. ಬರೆದವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಅದು ನನಗೆ ಗೊತ್ತು. ತಲೆಬರಹದಲ್ಲಿ ಜಾಗ ಕಡಿಮೆ. ಪದ ಚಿಕ್ಕದು, ಥಟ್ಟನೆ ಕೈಗೆ ಸಿಗುತ್ತದೆ. ಆದರೂ ಬೇಜಾರಾಯ್ತು. ಯಾಕೆ ಅಂತ ಹೇಳೋದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನಗೀಗ 68. 44 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಬೆಳಗ್ಗೆ ಪೇಪರ್ ಓದಿ ಮುಗಿಸಿ ಮೆಷಿನ್ ಮುಂದೆ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ. ಇಂಥ ನಾನು ಆ ಒಂದು ಮಾತನ್ನು ನಂಬಿಕೊಂಡು ಜೀವನದ ಎರಡು ವರ್ಷ ಕಳೆದುಕೊಂಡಿದ್ದೇನೆ.

ನನಗೆ 63 ಆಗಿದ್ದಾಗ ಶುರುವಾಯಿತು. ಮಾತು ಸರಿಯಾಗಿ ನೆನಪಲ್ಲಿ ನಿಲ್ಲುತ್ತಿಲ್ಲ ಅನ್ನಿಸತೊಡಗಿತು. ಯಾರೋ ಏನೋ ಹೇಳಿರುತ್ತಿದ್ದರು, ನಾನು ಇನ್ನೇನೋ ಮಾಡಿರುತ್ತಿದ್ದೆ. ಮಗ ಬೆಳಗ್ಗೆ ಹೇಳಿ ಹೋದದ್ದನ್ನು ಸಂಜೆ ಕೇಳಿದರೆ, ‘ನೀನು ಹೇಳಲೇ ಇಲ್ಲ’ ಅನ್ನುತ್ತಿದ್ದೆ. ‘ಹೇಳಿದ್ದೆ ಅಮ್ಮಾ’ ಅನ್ನುತ್ತಿದ್ದ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಆ ನೋಟ ಇದೆಯಲ್ಲ, ಅದನ್ನು ಕಂಡವರಿಗೇ ಗೊತ್ತು.

ಒಂದು ದಿನ ಒಬ್ಬ ಗಿರಾಕಿ ಫೋನ್ ಮಾಡಿ ‘ಸುತ್ತು ಸ್ವಲ್ಪ ಜಾಸ್ತಿ ಬಿಡಿ’ ಅಂದರು. ನಾನು ‘ಕತ್ತು ಜಾಸ್ತಿ’ ಅಂತ ಕೇಳಿಸಿಕೊಂಡೆ. ಒಳ್ಳೇ ಬಟ್ಟೆ. ಕತ್ತಿನ ಹತ್ತಿರ ಒಂದಿಂಚು ಜಾಸ್ತಿ ಕತ್ತರಿಸಿಬಿಟ್ಟೆ. ಹೊಲಿಗೆ ತಪ್ಪಾದರೆ ಬಿಚ್ಚಬಹುದು. ಕತ್ತರಿಸಿದ ಬಟ್ಟೆಯನ್ನು ಏನು ಮಾಡೋದು? ಬಟ್ಟೆಯ ದುಡ್ಡು ವಾಪಸ್ ಕೊಟ್ಟೆ. ಅವರು ಬೈಯಲಿಲ್ಲ. ‘ಪಾಪ, ವಯಸ್ಸಾಯ್ತಲ್ಲ’ ಅಂದರು. ಬೈದಿದ್ದರೇ ವಾಸಿ ಇತ್ತು.

ಅವತ್ತು ರಾತ್ರಿ ನಾನೇ ನನಗೆ ಹೇಳಿಕೊಂಡೆ, ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಹೊಸ ಬಟ್ಟೆ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದೆ. ಹರಿದದ್ದು, ಉದ್ದ ಕಡಿಮೆ ಮಾಡೋದು, ಗುಂಡಿ ಹಾಕೋದು, ಇಷ್ಟೇ ಇಟ್ಟುಕೊಂಡೆ. ನಾಲ್ಕು ಜನ ಕೂತ ಕಡೆ ಹೋಗುವುದನ್ನೂ ಬಿಟ್ಟೆ. ಡಾಕ್ಟರ ಹತ್ತಿರ ಹೋದಾಗ ಮರೆವು ಜಾಸ್ತಿ ಆಗಿದೆ ಅಂದೆ. ಅವರು ನನ್ನ ಚೀಟಿಯಲ್ಲಿ ವಯಸ್ಸು ನೋಡಿದರು. ‘ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ’ ಅಂದರು. ನಾನೂ ತಲೆ ಆಡಿಸಿ ಎದ್ದು ಬಂದೆ. ಒಂದು ಪ್ರಶ್ನೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಮೊಮ್ಮಗಳ ವಿಷಯ. ಅವಳಿಗೆ ಆಗ ಆರು ವರ್ಷ. ಶಾಲೆಯಿಂದ ಬಂದ ತಕ್ಷಣ ನನ್ನ ಮೆಷಿನ್ ಪಕ್ಕ ಕೆಳಗೆ ಕೂತು, ಚೂರು ಬಟ್ಟೆಗಳನ್ನು ಬಣ್ಣ ಬಣ್ಣ ಜೋಡಿಸುತ್ತಾ ಅವತ್ತಿನ ಕಥೆಯೆಲ್ಲ ಹೇಳುತ್ತಿದ್ದಳು. ನಾನು ‘ಹೂಂ, ಹೂಂ’ ಅನ್ನುತ್ತಿದ್ದೆ. ಅಳಬೇಕಾದ ಕಡೆ ನಕ್ಕುಬಿಡುತ್ತಿದ್ದೆ. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ. ಒಂದು ದಿನ ಅವಳು ಬಂದು ಕೂರಲಿಲ್ಲ. ಮಾರನೇ ದಿನವೂ ಇಲ್ಲ. ದೊಡ್ಡವಳಾಗುತ್ತಿದ್ದಾಳೆ, ಅಜ್ಜಿ ಬೇಡವಾದಳು ಅಂದುಕೊಂಡೆ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತಾರಲ್ಲ, 64ನೇ ವಯಸ್ಸಿಗೇ ಆ ಮಾತು ನನ್ನದೇ ಅನ್ನಿಸಿಬಿಟ್ಟಿತ್ತು.

ನನ್ನನ್ನು ಇದರಿಂದ ಎಬ್ಬಿಸಿದ್ದು ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಹಳೇ ಗಿರಾಕಿ. ತೋಳು ಚಿಕ್ಕದು ಮಾಡಿಸಲು ಬಂದಿದ್ದರು. ನಾನು ಟೇಪ್ ಹಿಡಿದು ಅವರ ಮುಂದೆ ನಿಂತಿದ್ದೆ. ಇದ್ದಕ್ಕಿದ್ದಂತೆ ಅವರು ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡು ಏನೋ ಹೇಳಿದರು. ನಾನು ‘ಆಂ?’ ಅಂದೆ. ಕೈ ತೆಗೆದು ಅದನ್ನೇ ಹೇಳಿದರು, ‘ನೀವು ನನ್ನ ಕಣ್ಣು ನೋಡ್ತಾ ಇಲ್ಲ, ತುಟಿ ನೋಡ್ತಾ ಇದ್ದೀರಿ.’ ಆಮೇಲೆ ಕೂದಲು ಸರಿಸಿ ಕಿವಿಯ ಹಿಂದೆ ಇದ್ದ ಪುಟ್ಟ ಮೆಷಿನ್ ತೋರಿಸಿದರು. ‘ನಾನೂ ಮೂರು ವರ್ಷ ಹೀಗೇ ಮಾಡಿದೆ. ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ’ ಅಂದರು.

ಮಾಡಿಸಿಕೊಂಡೆ. ನನಗೆ ಮರೆವು ಇರಲಿಲ್ಲ. ಕಿವಿ ಕೇಳಿಸುತ್ತಿರಲಿಲ್ಲ.

ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲೆ ಒಂದು ಗೆರೆ ತೋರಿಸಿ ತಾಳ್ಮೆಯಿಂದ ವಿವರಿಸಿದಳು. ನನ್ನ ಕಿವಿಯಲ್ಲಿ ದಪ್ಪ ದನಿಗಳು ಸರಿಯಾಗಿಯೇ ಇದ್ದವು. ಸಣ್ಣ, ತೀಕ್ಷ್ಣ ದನಿಗಳ ಕಡೆ ಬಂದ ಹಾಗೆ ಗೆರೆ ಇಳಿಜಾರಿನಂತೆ ಕೆಳಗೆ ಜಾರಿತ್ತು. ಒಳಕಿವಿಯಲ್ಲಿ ಕೂದಲಿನಂಥ ಎಳೆ ಇರುವ ಕೋಶಗಳಿವೆಯಂತೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಸಣ್ಣ ದನಿ ಹಿಡಿಯುವ ಕೋಶಗಳು. ಹೋದವು ಮತ್ತೆ ಹುಟ್ಟುವುದಿಲ್ಲ. ಅ, ಆ, ಉ, ಓ ಇವೆಲ್ಲ ದಪ್ಪ ದನಿ. ಸ, ಶ, ತ, ಕ ಇವುಗಳ ಗುರುತು ಸಣ್ಣ ದನಿಯಲ್ಲಿರುತ್ತದೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅನ್ನೋದು ಕೇಳಿಸುತ್ತದೆ, ಏನು ಅನ್ನೋದು ತಿಳಿಯುವುದಿಲ್ಲ. ಗಂಡಸರ ದನಿಗಿಂತ ಮಕ್ಕಳ ದನಿ ಹಿಡಿಯೋದು ಇನ್ನೂ ಕಷ್ಟ. ಅದನ್ನು ಕೇಳಿದಾಗ ಅಲ್ಲೇ ಕಣ್ಣಲ್ಲಿ ನೀರು ಬಂತು. ಮೊಮ್ಮಗಳು ನನ್ನಿಂದ ದೂರ ಹೋಗಿರಲಿಲ್ಲ. ನಾನು ಅವಳ ದನಿಯಿಂದ ದೂರ ಹೋಗಿದ್ದೆ.

ಕಿವಿಗೆ ಮೆಷಿನ್ ಹಾಕಿಕೊಂಡ ಮೊದಲ ವಾರ ತಲೆ ಚಿಟ್ಟು ಹಿಡಿಯಿತು. ಪೇಪರ್ ಮಡಚಿದರೆ ಸಿಡಿದ ಹಾಗೆ. ನನ್ನದೇ ಚಪ್ಪಲಿ ಸದ್ದು ನನಗೇ ಗಾಬರಿ. ಮಿದುಳು ಮತ್ತೆ ಒಗ್ಗಿಕೊಳ್ಳಬೇಕು, ಕೆಲವು ವಾರ ಬೇಕು ಅಂತ ಮೊದಲೇ ಹೇಳಿದ್ದರು. ಒಂದು ಬೆಳಗ್ಗೆ ಬಟ್ಟೆ ಹಾಸಿಕೊಂಡು ಕತ್ತರಿ ಓಡಿಸಿದೆ. ‘ಸರ್’ ಅಂತ ಸದ್ದು ಬಂತು. ಕತ್ತರಿಯ ಎರಡು ಅಲಗು ಒಂದರ ಮೇಲೊಂದು ಜಾರುತ್ತಾ ಬಟ್ಟೆ ಬಿಡಿಸಿಕೊಂಡು ಹೋಗುವ ಸದ್ದು. ಆ ಸದ್ದಿಲ್ಲದೆ ನಾನು ಎಷ್ಟು ವರ್ಷ ಕತ್ತರಿಸಿದ್ದೆನೋ, ಅದು ಹೋಗಿದ್ದೇ ಗೊತ್ತಿರಲಿಲ್ಲ. ಅವತ್ತು ಬೇಡದಿದ್ದ ಚೂರುಗಳನ್ನೂ ಸುಮ್ನೆ ಕತ್ತರಿಸುತ್ತಾ ಕೂತೆ.

ಈಗ ನನ್ನ ಮಾತಿಗೆ ಬರುತ್ತೇನೆ. ನನ್ನ ಕಿವಿ ಮಂದವಾಗಿದ್ದು ವಯಸ್ಸಿನಿಂದಲೇ. ಹಾಗಾಗಿ ‘ವಯಸ್ಸಾಯ್ತು’ ಅಂದವರು ಸುಳ್ಳು ಹೇಳಲಿಲ್ಲ. ತಪ್ಪಾಗಿದ್ದು ಏನಂದರೆ, ಆ ಮಾತಿಗೆ ಎಲ್ಲರೂ ಪೂರ್ಣವಿರಾಮ ಹಾಕಿಬಿಟ್ಟೆವು. ವಯಸ್ಸಾಯ್ತು, ಅದಕ್ಕೆ ಏನು ಮಾಡೋಣ ಅಂತ ಯಾರೂ ಮುಂದಿನ ಮಾತು ಆಡಲಿಲ್ಲ. 20 ವರ್ಷದ ಹುಡುಗಿ ಬಂದು ಮರೆವು ಅಂದಿದ್ದರೆ ಕಿವಿ ನೋಡುತ್ತಿದ್ದರು, ಕಣ್ಣು ನೋಡುತ್ತಿದ್ದರು, ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ಬಿ12 ವಿಟಮಿನ್ ಕಡಿಮೆಯಾದರೂ ಮರೆವು ಬರಬಹುದು, ಥೈರಾಯ್ಡ್ ಮಂದವಾದರೂ ಬರಬಹುದು, ಮನಸ್ಸು ಕುಗ್ಗಿದರೂ ಬರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಕಿವಿ ಕೇಳಿಸದಿರುವುದೂ ಒಂದು. ಓದಿದಾಗ ನಡುಗಿದೆ. ನಾನು ಮೂಲೆ ಸೇರಿಕೊಂಡು ಇಲ್ಲದ ಮರೆವನ್ನು ಕರೆದುಕೊಂಡು ಬರುತ್ತಿದ್ದೆನಲ್ಲಾ ಅನ್ನಿಸಿತು.

ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಅನ್ನುವವರು ಮತ್ತು ಅವರ ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓಹಿಯೊ ರಾಜ್ಯದ ಒಂದು ಸಣ್ಣ ಊರಿನಲ್ಲಿ 50 ದಾಟಿದ 660 ಜನರಿಗೆ ಎಷ್ಟೋ ವರ್ಷ ಹಿಂದೆ ಕೆಲವು ಪ್ರಶ್ನೆ ಕೇಳಿದ್ದರು. ವಯಸ್ಸಾದಂತೆ ಮನುಷ್ಯನ ಉಪಯೋಗ ಕಡಿಮೆ ಆಗುತ್ತದೆ ಅನ್ನಿಸುತ್ತಾ, ಇಂಥವು. ಅವರಲ್ಲಿ ಯಾರು ಎಷ್ಟು ವರ್ಷ ಬದುಕಿದರು ಅಂತ 23 ವರ್ಷದವರೆಗೆ ನೋಡಿದರು. ತಮ್ಮ ವಯಸ್ಸಿನ ಬಗ್ಗೆ ಒಳ್ಳೇ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಆರೋಗ್ಯವಾಗಿದ್ದವರೇ ಖುಷಿಯಾಗಿ ಉತ್ತರ ಕೊಟ್ಟಿರಬಹುದಲ್ವಾ ಅಂತ ನನಗೂ ಅನುಮಾನ ಬಂತು. ಅದನ್ನೂ, ಅವರ ಆರ್ಥಿಕ ಸ್ಥಿತಿ, ಒಂಟಿತನ ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ನೋಡಿದ್ದಾರೆ.

ಇದರಲ್ಲಿ ಮಂತ್ರ ಇಲ್ಲ. ನನಗೆ ಇದು ಅರ್ಥವಾಗಿದ್ದು ನನ್ನ ಎರಡು ವರ್ಷದಿಂದ. ಇನ್ನೇನು ಮುಗೀತು ಅಂತ ನಂಬಿದವಳು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ನಡೆಯೋದು ಬಿಟ್ಟಳು. ಜನರನ್ನು ಬಿಟ್ಟಳು. ಮಾತ್ರೆಯನ್ನೂ ಒಮ್ಮೊಮ್ಮೆ ತೆಗೆದುಕೊಳ್ಳುತ್ತಿರಲಿಲ್ಲ, ತೆಗೆದುಕೊಂಡು ಏನು ಪ್ರಯೋಜನ ಅಂತ. ಭಾವನೆ ಅನ್ನೋದು ಹೀಗೆ ದಿನಾ ಚೂರುಚೂರಾಗಿ ಮೈಗೆ ಇಳಿಯುತ್ತದೆ.

ಇನ್ನೊಂದು ಅಧ್ಯಯನ ನನ್ನನ್ನು ಕುರ್ಚಿಯಿಂದಲೇ ಎಬ್ಬಿಸಿತು. 1990ರಲ್ಲಿ ಪ್ರಕಟವಾದದ್ದು. ಆರೈಕೆ ಕೇಂದ್ರದಲ್ಲಿದ್ದ 86ರಿಂದ 96 ವಯಸ್ಸಿನ ಹತ್ತು ಜನ ನಿಶ್ಶಕ್ತರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಾಯಿತು. ಅಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗಿಂತಲೂ ಜಾಸ್ತಿ. ಇಬ್ಬರು ಕೋಲು ಬಿಟ್ಟು ನಡೆದರು. 90ರ ಆಸುಪಾಸಿನ ಮಾಂಸಖಂಡಕ್ಕೂ ಹೇಳಿದ ಕೆಲಸ ಕೇಳಿಸುತ್ತದೆ! ಮೊದಮೊದಲು ಕುರ್ಚಿಯ ಕೈ ಹಿಡಿದು, ಆಮೇಲೆ ಕೈ ಎದೆಗೆ ಕಟ್ಟಿಕೊಂಡು, ದಿನಾ ಬೆಳಗ್ಗೆ ಹತ್ತು ಸಲ ಎದ್ದು ಕೂತು ಮಾಡುತ್ತೇನೆ. ಶುರು ಮಾಡಿದಾಗ ಮೂರಕ್ಕೆ ಸುಸ್ತಾಗುತ್ತಿತ್ತು. ನಿಮ್ಮ ಓದುಗರಲ್ಲಿ ಮಂಡಿ ನೋವು, ಎದೆಯ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮಾಡಲಿ.

ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವಿದೆ, ಅದು ಹೋಗಲ್ಲ. ಹಗುರದ ಕತ್ತರಿ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಬರೆದಿಟ್ಟ ನಂಬರುಗಳಲ್ಲಿ ಕೆಲವಕ್ಕೆ ಮಾಡಿದರೆ ಎತ್ತೋರು ಇಲ್ಲ, ಅಳಿಸಲು ಮನಸ್ಸು ಬರುವುದಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ.

‘ವಯಸ್ಸು ಬರೀ ಸಂಖ್ಯೆ’ ಅನ್ನುವ ಮಾತೂ ನನಗೆ ಹಿಡಿಸುವುದಿಲ್ಲ. ಇದನ್ನು ಹೊಲಿಗೆಯವಳಾಗಿ ಹೇಳುತ್ತಿದ್ದೇನೆ. ನನ್ನ ಹತ್ತಿರ ಹಳೇ ಅಳತೆ ಪುಸ್ತಕಗಳಿವೆ. 1989ರಿಂದ ನನ್ನಲ್ಲೇ ಹೊಲಿಸುತ್ತಿರುವ ಒಬ್ಬರ ಅಳತೆ ಬೇರೆ ಬೇರೆ ಪುಟಗಳಲ್ಲಿದೆ. ಮೊದಲು ಅವರ ಬೆನ್ನುದ್ದ, ಮುಂದಿನ ಉದ್ದ ಹೆಚ್ಚುಕಡಿಮೆ ಒಂದೇ ಇತ್ತು. ಈಗ ಬೆನ್ನು ಸ್ವಲ್ಪ ಬಾಗಿದೆ. ಹಾಗಾಗಿ ಬೆನ್ನಿಗೆ ಒಂದಿಂಚು ಜಾಸ್ತಿ ಬೇಕು, ಮುಂದೆ ಮುಕ್ಕಾಲು ಇಂಚು ಕಡಿಮೆ ಸಾಕು. ಎಡ ಭುಜ ಬಲಕ್ಕಿಂತ ಇಳಿದಿದೆ. ಇವು ನಿಜವಾದ ಸಂಖ್ಯೆಗಳು, ಇಲ್ಲ ಅನ್ನೋಕಾಗಲ್ಲ. ಆದರೆ ವಯಸ್ಸಾದವರ ಬಟ್ಟೆ ಬಂದರೆ ನಮ್ಮಲ್ಲಿ ಎಷ್ಟೋ ಜನ ಅಳತೆಯನ್ನೇ ತೆಗೆಯುವುದಿಲ್ಲ. ‘ಸ್ವಲ್ಪ ಲೂಸಾಗಿ ಹೊಲಿದುಬಿಡು’ ಅನ್ನುತ್ತಾರೆ. ಹಾಗೆ ಹೊಲಿದ ಅಂಗಿ ಮುಂದೆ ಜೋಲುತ್ತದೆ, ಹಿಂದೆ ಎತ್ತುತ್ತದೆ, ಹಾಕಿಕೊಂಡವರು ಇದ್ದದ್ದಕ್ಕಿಂತ ಕುಗ್ಗಿದವರ ಹಾಗೆ ಕಾಣುತ್ತಾರೆ. ಆಮೇಲೆ ದೂರುವುದು ಅವರ ಬೆನ್ನನ್ನು. ಈಗಿನ ಮೈಗೆ ಈಗಿನ ಅಳತೆ ತೆಗೆದು, ಬೆನ್ನಿಗೆ ಬೇರೆ, ಎದೆಗೆ ಬೇರೆ ಕತ್ತರಿಸಿ ಹೊಲಿದು ನೋಡಿ. ಅವರು ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನಾನು ನೋಡಿದ್ದೇನೆ. ‘ವೃದ್ಧೆ’ ಅನ್ನೋದು ನನ್ನ ಕಣ್ಣಿಗೆ ಅಂಥದೊಂದು ಲೂಸ್ ಅಂಗಿ. ಅರವತ್ತಕ್ಕೂ ತೊಂಬತ್ತಕ್ಕೂ ಅದೇ, ಕೆಲಸಕ್ಕೆ ಹೋಗುವವರಿಗೂ ಹಾಸಿಗೆ ಹಿಡಿದವರಿಗೂ ಅದೇ.

ಹಾಗೇ ‘ಅಯ್ಯೋ, ನಿಮ್ಮನ್ನು ನೋಡಿದ್ರೆ ವಯಸ್ಸೇ ಗೊತ್ತಾಗಲ್ಲ’ ಅನ್ನೋದನ್ನೂ ಹೊಗಳಿಕೆ ಅಂತ ತೆಗೆದುಕೊಳ್ಳಲು ನನಗೆ ಈಗ ಆಗುವುದಿಲ್ಲ. 68 ವರ್ಷ ಬದುಕಿದ್ದೇನೆ. ಅದು ಗೊತ್ತಾಗಲಿ ಬಿಡಿ.

ಬಂದಿದ್ದೂ ಇದೆ, ಬರೀ ಹೋಗಿದ್ದಲ್ಲ. ಕೈಯ ವೇಗ ಕಡಿಮೆಯಾಗಿದೆ, ಆದರೆ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರೆ ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಅಂತ ಹೇಳಬಲ್ಲೆ. ಮೂವತ್ತರಲ್ಲಿ ಇದು ಬರುತ್ತಿರಲಿಲ್ಲ. ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದವರೂ ಇದನ್ನೇ ಹೇಳುತ್ತಾರೆ. ಹೊಸದನ್ನು ಥಟ್ಟನೆ ಬಿಡಿಸುವ ಚುರುಕು ಬೇಗ ಇಳಿಯತೊಡಗುತ್ತದೆ. ಕೂಡಿಟ್ಟ ತಿಳಿವಳಿಕೆ, ಅದರಲ್ಲೂ ಪದಗಳ ಸಂಪತ್ತು, ಅರವತ್ತರವರೆಗೂ ಅದರಾಚೆಗೂ ಬೆಳೆಯುತ್ತಾ ಹೋಗಬಹುದು. ನಮ್ಮ ನಿಘಂಟಿನ ಜಿ. ವೆಂಕಟಸುಬ್ಬಯ್ಯನವರನ್ನೇ ನೋಡಿ. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು, 107 ವರ್ಷ. ಅವರನ್ನು ನಾವು ನೆನೆಯುವುದು ಅವರ ಪದಗಳಿಂದ. ತಲೆಬರಹದಲ್ಲಿ ಅವರನ್ನು ‘ವೃದ್ಧ’ ಅಂತ ಕರೆಯಲು ಯಾವ ಪತ್ರಿಕೆಯ ಕೈಯಾದರೂ ಬರುತ್ತಿತ್ತಾ? ಅವರಿಗೆ ಹೆಸರಿತ್ತು, ಕೆಲಸ ಇತ್ತು, ಅದನ್ನೇ ಬರೆದರು. ಹೆಸರು ಗೊತ್ತಿಲ್ಲದ ಹೆಂಗಸಿಗೂ ಅಷ್ಟನ್ನು ಕೊಡೋಣ ಅಂತ ನನ್ನ ಬೇಡಿಕೆ.

ವಯಸ್ಸಿನ ಮೇಲೆ ಮನುಷ್ಯರನ್ನು ಕೀಳಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ‘ಏಜಿಸಂ’ ಅಂತ ಹೆಸರು ಕೊಟ್ಟವರು ರಾಬರ್ಟ್ ಬಟ್ಲರ್ ಅನ್ನುವ ವೈದ್ಯರು, 1969ರಲ್ಲಿ. ಪ್ರಪಂಚದಲ್ಲಿ ಇಬ್ಬರಲ್ಲಿ ಒಬ್ಬರಿಗೆ ಈ ಭಾವನೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹೇಳಿತು. ನನ್ನ ವಿಷಯದಲ್ಲಿ ಆ ಒಬ್ಬಳು ನಾನೇ ಆಗಿದ್ದೆ. ಚಿಕ್ಕಂದಿನಿಂದ ಕೇಳಿದ ಗಾದೆ, ಓದಿದ ತಲೆಬರಹ ಎಲ್ಲ ಒಳಗೆ ಕೂತಿತ್ತು. ಅರವತ್ತು ದಾಟಿದ ದಿನ ಅದೆಲ್ಲ ನನ್ನ ಕಡೆಗೇ ತಿರುಗಿತು. ಅದಕ್ಕೇ ಪತ್ರಿಕೆಯ ಒಂದು ಪದಕ್ಕೆ ಇಷ್ಟು ದೊಡ್ಡ ಪತ್ರ. ನಿಮ್ಮ ಪತ್ರಿಕೆಯನ್ನು ಇವತ್ತು 30 ವರ್ಷದವರೂ ಓದುತ್ತಾರಲ್ವಾ?

ವಯಸ್ಸು ಬೇಕಿದ್ದರೆ ವಯಸ್ಸನ್ನೇ ಬರೆಯಿರಿ. ‘61 ವರ್ಷದ ಮಹಿಳೆ’ ಅನ್ನಿ. ಕೆಲಸ ಗೊತ್ತಿದ್ದರೆ ಕೆಲಸ ಬರೆಯಿರಿ. 75ರಲ್ಲಿ ಯಾರೋ ಪರೀಕ್ಷೆ ಪಾಸಾದರೆ, ಬೆಟ್ಟ ಹತ್ತಿದರೆ ‘ಈ ಇಳಿವಯಸ್ಸಿನಲ್ಲೂ’ ಅಂತ ಸೇರಿಸಬೇಡಿ. ಪರೀಕ್ಷೆಯ ಬಗ್ಗೆ ಬರೆಯಿರಿ, ಬೆಟ್ಟದ ಬಗ್ಗೆ ಬರೆಯಿರಿ. ಆರೋಗ್ಯ ಪುಟದಲ್ಲಿ ಒಮ್ಮೆ ಕಿವಿ ಪರೀಕ್ಷೆ ಬಗ್ಗೆ ವಿವರವಾಗಿ ಬರೆಸಿ. ಕಣ್ಣಿಗೆ ಕನ್ನಡಕ ಹಾಕಲು ಯಾರೂ ನಾಚುವುದಿಲ್ಲ. ಕಿವಿ ವಿಷಯಕ್ಕೆ ಬಂದರೆ ಮುಚ್ಚಿಡುತ್ತಾರೆ.

ಮೊಮ್ಮಗಳಿಗೆ ಈಗ ಹನ್ನೊಂದು. ಮತ್ತೆ ಮೆಷಿನ್ ಪಕ್ಕ ಬಂದು ಕೂರುತ್ತಾಳೆ. ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ, ಕಣ್ಣಿಗೆ ಹತ್ತಿರದ್ದು ಮಸುಕಾಗಿರುವುದರಿಂದ ನಾನೇ ಕೇಳುತ್ತೇನೆ. ನಾನು ಅವಳಿಗೆ ಕಾಜಾ ಹೊಲಿಯಲು ಕಲಿಸುತ್ತಿದ್ದೇನೆ. ಮಾತು ಮಾತ್ರ ಅವಳದೇ ಜಾಸ್ತಿ. ಈ ಸಲ ಎಲ್ಲಿ ನಗಬೇಕೋ ಅಲ್ಲೇ ನಗುತ್ತೇನೆ.

ಕೊನೆಗೆ ಒಂದು ವಿಷಯ. ಆ ಹೆಂಗಸು ಕೆಲಸ ಮುಗಿಸಿ ಬರುತ್ತಿದ್ದರು ಅಂತ ಬರೆದಿದ್ದಿರಿ. ಯಾವ ಕೆಲಸ ಅಂತ ಬರೆದಿರಲಿಲ್ಲ. ಕಾಲು ವಾಸಿಯಾಗಿದೆಯಾ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರಾ? ನಿಮ್ಮ ವರದಿಗಾರರಿಗೆ ಗೊತ್ತಾದರೆ ದಯವಿಟ್ಟು ಇನ್ನು ನಾಲ್ಕು ಸಾಲು ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು